ಬಾಡಿಗೆ ಮನೆಯ ಮತದಾರ, ಗಡಿಯ ನುಸುಳುಕೋರ

ಮತ ಹಾಕಲು ಬಂದವರ ಗುರುತು ನೋಡಬೇಕೇ? ಪರದೇಶದ ಪ್ರಜೆ ಇಲ್ಲಿ ಮತ ಹಾಕಬಹುದೇ? ಈ ಎರಡು ಪ್ರಶ್ನೆಗಳನ್ನು ಎಲ್ಲಿ ಕೇಳಿದರೂ ಉತ್ತರದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೇಳುವುದು ಸರಿ ಎಂದವರು ಶೇ. 84, ಮೊದಲ ಸಲ ಹೆಸರು ಸೇರಿಸುವವರು ಪೌರತ್ವದ ಪುರಾವೆ ಕೊಡಬೇಕು ಎಂದವರು ಶೇ. 83. ಪ್ರತಿಯೊಂದಕ್ಕೂ ಎರಡು ಬಣವಾಗಿ ಒಡೆಯುವ ಆ ದೇಶದಲ್ಲಿ ಇಷ್ಟು ಒಮ್ಮತ ಅಪರೂಪ. ನಮ್ಮಲ್ಲಂತೂ ಇದು ಪ್ರಶ್ನೆಯೇ ಅಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ 1993ರಲ್ಲಿ ಪಟ್ಟು ಹಿಡಿದು ಮತದಾರರ ಗುರುತಿನ ಚೀಟಿ ತಂದ ಮೇಲೆ ಬೆಂಗಳೂರಿನ ಮಡಿವಾಳದ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತವರು ಕಾರ್ಡು ಕೈಯಲ್ಲಿ ಹಿಡಿದೇ ನಿಲ್ಲುತ್ತಾರೆ, ಅದು ಅವಮಾನವೆಂದು ಯಾರಿಗೂ ಅನಿಸಿಲ್ಲ. 2024ರ ಲೋಕಸಭಾ ಚುನಾವಣೆಯ ಬಗ್ಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಕಚೇರಿಗಾಗಿ ನಡೆದ ಸಮೀಕ್ಷೆಯಲ್ಲಿ ಶೇ. 83.61 ಮಂದಿ ಮತಯಂತ್ರವನ್ನು ನಂಬುತ್ತೇವೆ ಎಂದಿದ್ದರು. ಆ ವರದಿ ಹೊರಬಿದ್ದಾಗ ಒಂದು ಪಕ್ಷ ಅದನ್ನು ಇನ್ನೊಂದು ಪಕ್ಷದ ಮುಖಕ್ಕೆ ಹಿಡಿಯಿತು, ಆ ಜಗಳ ಇಲ್ಲಿ ಬೇಡ. ನಮ್ಮ ಜನಕ್ಕೆ ಚುನಾವಣೆಯ ಮೇಲೆ ಇನ್ನೂ ವಿಶ್ವಾಸವಿದೆ, ಅದನ್ನು ಕಾಯ್ದುಕೊಳ್ಳುವ ಕಟ್ಟುಪಾಡುಗಳಿಗೂ ಅವರ ಒಪ್ಪಿಗೆಯಿದೆ ಎಂಬಷ್ಟು ಮಾತು ಅದರಿಂದ ಸಾಕು. ಗಡಿ ಭದ್ರವಾಗಿರಬೇಕು, ಮತದಾರರ ಪಟ್ಟಿ ಶುದ್ಧವಾಗಿರಬೇಕು ಎನ್ನುವವರನ್ನು ದ್ವೇಷದವರೆಂದು ಬಗೆದು ಮಾತು ಮುಗಿಸುವುದು ಸೋಮಾರಿತನ. ಆ ಆಸೆ ನ್ಯಾಯವಾದದ್ದೇ.

ಆದರೆ ಸಮೀಕ್ಷೆಗಳು ಜನರ ಆಸೆಯನ್ನು ಕೇಳುತ್ತವೆ, ಅದಕ್ಕೆ ತೆರಬೇಕಾದ ಬೆಲೆಯನ್ನು ಕೇಳುವುದಿಲ್ಲ. ‘ಪರದೇಶದವರ ಹೆಸರು ಪಟ್ಟಿಯಿಂದ ತೆಗೆಯಬೇಕೇ?’ ಎಂದರೆ ಯಾರಾದರೂ ಹೌದೆನ್ನುತ್ತಾರೆ. ‘2002ರ ಪಟ್ಟಿಯಲ್ಲಿ ನಿಮ್ಮ ಅಪ್ಪನ ಹೆಸರು ಸಿಗದಿದ್ದರೆ ನಿಮ್ಮ ಹೆಸರನ್ನೂ ತೆಗೆಯಬಹುದೇ?’ ಎಂದು ಕೇಳಿದರೆ ಅದೇ ಮನುಷ್ಯ ತುಸು ಹೊತ್ತು ಸುಮ್ಮನಾಗುತ್ತಾನೆ. ಈ ಎರಡು ಪ್ರಶ್ನೆಗಳ ನಡುವಿನ ದೂರದಲ್ಲಿಯೇ ಚುನಾವಣಾ ಆಯೋಗದ ವಿಶೇಷ ತೀವ್ರ ಪರಿಷ್ಕರಣೆ, ಜನರ ಬಾಯಲ್ಲಿ ಎಸ್‌ಐಆರ್, ನಿಂತಿದೆ. ಗಡಿ ಕಾಯುವ ಕೆಲಸವನ್ನು ಅದು ಮತದಾರರ ಪಟ್ಟಿಯ ಹೆಗಲಿಗೆ ಹಾಕಿದೆ, ಪಟ್ಟಿಯ ಹೊಣೆಯನ್ನು ಅಧಿಕಾರಿಯ ಮೇಜಿನಿಂದ ಎತ್ತಿ ಮತದಾರನ ಕೈಗೆ ಕೊಟ್ಟಿದೆ. ಇದರ ಪೆಟ್ಟು ಬೀಳುವುದು ನುಸುಳುಕೋರನ ಮೇಲಲ್ಲ, ಬಾಡಿಗೆ ಮನೆಯಲ್ಲಿರುವವನ ಮೇಲೆ. ಇದನ್ನು ಪರೀಕ್ಷಿಸಿ ನೋಡಲು ಮಡಿವಾಳದಂಥ ಜಾಗ ಇನ್ನೊಂದಿಲ್ಲ.

ಮೊದಲಿಗೆ ಮತಗಟ್ಟೆ ಬೇರೆ, ಪಟ್ಟಿ ಬೇರೆ ಎಂಬುದನ್ನು ನೆನಪಿಡಬೇಕು. ಮತಗಟ್ಟೆಯಲ್ಲಿ ಕೇಳುವುದು ‘ಪಟ್ಟಿಯಲ್ಲಿರುವ ಈ ಹೆಸರಿನವರು ನೀವೇನಾ?’ ಎಂದಷ್ಟೇ. ಕಾರ್ಡು ತರದಿದ್ದರೆ ಆಧಾರ್, ಪಾನ್, ಚಾಲನಾ ಪರವಾನಗಿ, ಫೋಟೊ ಇರುವ ಪಾಸ್‌ಬುಕ್, ನರೇಗಾ ಕಾರ್ಡು ಹೀಗೆ ಹನ್ನೆರಡು ಬದಲಿ ದಾಖಲೆಗಳಲ್ಲಿ ಒಂದು ಸಾಕು. ಬಂದವನು ಬೇರೆಯವನೆಂದು ಪಕ್ಷದ ಏಜೆಂಟನಿಗೆ ಅನುಮಾನ ಬಂದರೆ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪ ಎತ್ತಬಹುದು. ಆ ಎರಡು ರೂಪಾಯಿ ಇವತ್ತಿಗೂ ನಿಯಮದಲ್ಲಿದೆ, ಒಂದು ಕಾಫಿಗೂ ಸಾಲದ ಮೊತ್ತ. ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿದ್ದರೆ ಬೇರೆ ಮತಪತ್ರ ಕೊಟ್ಟು ನಿಮ್ಮ ಮತವನ್ನು ಪ್ರತ್ಯೇಕವಾಗಿ ತೆಗೆದಿಡುವ ವ್ಯವಸ್ಥೆಯೂ ಇದೆ. ಅಮೆರಿಕದವರು ಹೊಡೆದಾಡುತ್ತಿರುವ ‘ಮತದಾರರ ಗುರುತಿನ ಕಾನೂನು’ ನಮ್ಮಲ್ಲಿ ಮೂವತ್ತು ವರ್ಷಗಳಿಂದ ಸದ್ದಿಲ್ಲದೆ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಈಗಿನ ತಕರಾರು ಅದರದ್ದಲ್ಲ. ಈಗ ಕೇಳುತ್ತಿರುವುದು ‘ಪಟ್ಟಿಯಲ್ಲಿ ಇರಲು ನೀವು ಯಾರು?’ ಎಂದು. ಮೊದಲ ಪ್ರಶ್ನೆಗೆ ಸಿಕ್ಕ ಜನಬೆಂಬಲವನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಸರಿಯಾದ ವಾದವಲ್ಲ.

2025ರ ಜೂನ್ 24ರಂದು ಆಯೋಗ ಇಡೀ ದೇಶದ ಪಟ್ಟಿಗಳನ್ನು ಹೊಸದಾಗಿ ಪರಿಷ್ಕರಿಸಲು ಆದೇಶಿಸಿ ಬಿಹಾರದಿಂದ ಆರಂಭಿಸಿತು. ನಗರೀಕರಣ, ವಲಸೆ, ಸತ್ತವರ ಹೆಸರು ಉಳಿದುಕೊಂಡಿರುವುದು, ಪರದೇಶದ ಅಕ್ರಮ ವಲಸಿಗರ ಹೆಸರು ಸೇರಿರುವುದು ಎಂದು ಆದೇಶದಲ್ಲಿ ಕಾರಣ ಕೊಟ್ಟಿತ್ತು. ಹಳೆಯ ಪಟ್ಟಿಯಲ್ಲಿ ಹೆಸರಿಲ್ಲದವರು ಹನ್ನೊಂದು ದಾಖಲೆಗಳಲ್ಲಿ ಒಂದನ್ನು ಕೊಡಬೇಕಿತ್ತು. ಆಧಾರ್, ರೇಷನ್ ಕಾರ್ಡ್ ಮಾತ್ರವಲ್ಲ, ಆಯೋಗವೇ ಕೊಟ್ಟ ಗುರುತಿನ ಚೀಟಿ ಕೂಡ ಆ ಹನ್ನೊಂದರಲ್ಲಿ ಇರಲಿಲ್ಲ. ಆಧಾರ್ ಹನ್ನೆರಡನೆಯದಾಗಿ ಸೇರಿದ್ದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 8ರಂದು ಹೇಳಿದ ಮೇಲೆ, ಅದೂ ಗುರುತಿಗಾಗಿ ಮಾತ್ರ. 7.89 ಕೋಟಿ ಇದ್ದ ಪಟ್ಟಿ ಕರಡಿನಲ್ಲಿ 7.24 ಕೋಟಿಗೆ ಇಳಿಯಿತು. ಕೈಬಿಟ್ಟ 65 ಲಕ್ಷದಲ್ಲಿ ಸುಮಾರು 22 ಲಕ್ಷ ಸತ್ತವರು, 36 ಲಕ್ಷ ಊರು ಬಿಟ್ಟವರು ಅಥವಾ ಸಿಗದವರು, 7 ಲಕ್ಷ ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಲೆಕ್ಕ ಕೊಟ್ಟಿತು. ಆ 65 ಲಕ್ಷದ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಲು ಆಯೋಗ ಒಪ್ಪಿದ್ದು ಕೋರ್ಟ್ ಆಗಸ್ಟ್ 14ರಂದು ಆದೇಶಿಸಿದ ಮೇಲೆಯೇ. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರುಗಳಿದ್ದವು. ಕಾರಣವಾರು ಲೆಕ್ಕ ಕೊಟ್ಟ ಆಯೋಗ ಒಂದು ಲೆಕ್ಕವನ್ನು ಮಾತ್ರ ಕೊಡಲಿಲ್ಲ: ಇವರಲ್ಲಿ ಪರದೇಶದವರು ಎಷ್ಟು ಮಂದಿ? ಸಭೆಗಳಲ್ಲಿ, ಸುದ್ದಿವಾಹಿನಿಗಳಲ್ಲಿ ಇಡೀ ಕಾರ್ಯಕ್ರಮ ಮಾರಾಟವಾದದ್ದು ಆ ಒಂದು ಕಾರಣದ ಮೇಲೆ. ಲೆಕ್ಕ ಸಿಗದೇ ಉಳಿದದ್ದೂ ಅದಕ್ಕೇ.

ಪಟ್ಟಿ ಊದಿಕೊಂಡಿತ್ತು ಎಂಬುದು ಸುಳ್ಳಲ್ಲ. ಎರಡನೆಯ ಸುತ್ತಿನಲ್ಲಿ ತಮಿಳುನಾಡಿನ ಕರಡಿನಿಂದ 97 ಲಕ್ಷ ಹೆಸರು ಹೋದವು. ಚೆನ್ನೈ ಜಿಲ್ಲೆಯೊಂದರಲ್ಲೇ 40 ಲಕ್ಷದಲ್ಲಿ 14 ಲಕ್ಷಕ್ಕೂ ಹೆಚ್ಚು ಹೋದವು. ಹಳ್ಳಿಗಳಲ್ಲಿ ಈ ಪ್ರಮಾಣ ಕಡಿಮೆ, ಬಾಡಿಗೆ ಮನೆಗಳ ಊರಿನಲ್ಲಿ ಮೂರರಲ್ಲಿ ಒಂದು ಪಾಲು. ಆ ಚೆನ್ನೈನಲ್ಲಿ ಬೆಂಗಳೂರಿಗರು ತಮ್ಮ ಮುಖವನ್ನೂ ನೋಡಿಕೊಳ್ಳಬಹುದು. ಪ್ರತಿ ಚುನಾವಣೆಯ ಮರುದಿನ ಪತ್ರಿಕೆಗಳು ಬೆಂಗಳೂರಿನವರನ್ನು ಸೋಮಾರಿಗಳೆಂದು ಬೈಯುವುದು ರೂಢಿ. 2024ರಲ್ಲಿ ರಾಜ್ಯದ ಮತದಾನ ಶೇ. 70ನ್ನು ದಾಟಿದಾಗ ಬೆಂಗಳೂರು ದಕ್ಷಿಣ ಶೇ. 53ರ ಆಸುಪಾಸಿನಲ್ಲಿ ನಿಂತಿತ್ತು. ರಜೆ ಸಿಕ್ಕಿತೆಂದು ಊರಿಗೆ ಹೋದವರು ಇದ್ದೇ ಇದ್ದಾರೆ. ಆದರೆ ಯಾವಾಗಲೋ ಮನೆ ಖಾಲಿ ಮಾಡಿ ಹೋದವನ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಅವನೂ ಆ ‘ಮತ ಹಾಕದ’ ಲೆಕ್ಕಕ್ಕೇ ಸೇರುತ್ತಾನೆ. ಹಾಗಾಗಿ ಪಟ್ಟಿ ತಿದ್ದಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಆಕ್ಷೇಪವಿರುವುದು ತಿದ್ದುವ ವಿಧಾನದ ಮೇಲೆ. ಮನೆ ಬದಲಿಸಿದವನ ಹೆಸರು ಹಳೆಯ ವಿಳಾಸದಿಂದ ತಾನಾಗಿ ಹೋಗುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಮನೆಗೆ ಬಂದಾಗ ಅವನು ಸಿಗದಿದ್ದರೆ ಸಾಕು. ಹೊಸ ವಿಳಾಸದಲ್ಲಿ ಅದು ತಾನಾಗಿ ಸೇರುವುದಿಲ್ಲ. ಅಲ್ಲಿ ಅರ್ಜಿ, ದಾಖಲೆ, ಅಲೆದಾಟ ಎಲ್ಲವೂ ಮತದಾರನ ಪಾಲು. ತೆಗೆಯುವುದು ಸರ್ಕಾರಿ ಕೆಲಸ, ಸೇರಿಸಿಕೊಳ್ಳುವುದು ಖಾಸಗಿ ಕೆಲಸ. ಇಂಥ ವ್ಯವಸ್ಥೆ ಎಷ್ಟು ಪ್ರಾಮಾಣಿಕವಾಗಿ ನಡೆದರೂ ಪ್ರತಿ ಸುತ್ತಿನಲ್ಲಿ ಕಳೆದುಕೊಳ್ಳುವವರು ಅಲೆಮಾರಿ ನೌಕರರು, ಕೂಲಿಕಾರರು, ಮದುವೆಯಾಗಿ ಊರು ಬದಲಿಸಿದ ಹೆಂಗಸರು.

ಇನ್ನು ಮಡಿವಾಳ. ಬಿ.ಟಿ.ಎಂ. ಲೇಔಟ್ ವಿಧಾನಸಭಾ ಕ್ಷೇತ್ರದೊಳಗಿನ ಈ ಬಡಾವಣೆಯಲ್ಲಿ ಮಾರುಕಟ್ಟೆ, ಹೊಸೂರು ರಸ್ತೆ, ಸಂಜೆಯಾದರೆ ಕೇರಳ, ತಮಿಳುನಾಡಿನ ಬಸ್ಸುಗಳಿಗೆ ಕಾಯುವ ಗುಂಪು, ಗಲ್ಲಿಗೊಂದರಂತೆ ಪಿ.ಜಿ.ಗಳು. ಇಲ್ಲಿ ಬಾಡಿಗೆಗೆ ಇರುವವನು ಮತದಾರನಾಗಬೇಕೆಂದರೆ ಏನಾಗುತ್ತದೆ ನೋಡಿ. ಹೆಸರು ಸೇರಿಸುವ ಅರ್ಜಿಯಾದ ಫಾರ್ಮ್ 6ರಲ್ಲಿ ವಿಳಾಸಕ್ಕೆ ಒಪ್ಪುವ ದಾಖಲೆಗಳಲ್ಲಿ ಒಂದು ನೋಂದಾಯಿತ ಬಾಡಿಗೆ ಕರಾರು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎಂದು ಕಾನೂನು ಹೇಳುವುದರಿಂದ ಬೆಂಗಳೂರಿನ ಓನರುಗಳು ಹನ್ನೊಂದು ತಿಂಗಳಿಗೆ ಕರಾರು ಬರೆಸುತ್ತಾರೆ, ಸ್ಟಾಂಪ್ ಪೇಪರ್ ಮೇಲೆ ನೋಟರಿಯ ಮುದ್ರೆ ಬಿದ್ದರೆ ಮುಗಿಯಿತು. ಅಂದರೆ ಊರಿನ ಬಹುಪಾಲು ಬಾಡಿಗೆದಾರರ ಹತ್ತಿರ ಆ ದಾಖಲೆ ಇರುವ ಸಂಭವವೇ ಇಲ್ಲ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಓನರ್ ಹೆಸರಿನಲ್ಲಿ. ಆಧಾರ್‌ನಲ್ಲಿ ರಾಯಚೂರಿನದೋ ಪಾಲಕ್ಕಾಡಿನದೋ ವಿಳಾಸ. ಪಿ.ಜಿ.ಯಲ್ಲಿ ಕರಾರೇ ಇಲ್ಲ, ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಸಿಕ್ಕರೆ ಪುಣ್ಯ. ಬಾಡಿಗೆದಾರ ತನ್ನ ಮನೆಯ ವಿಳಾಸದಲ್ಲಿ ವೋಟರ್ ಐಡಿ ಮಾಡಿಸಿದರೆ ಮುಂದೆ ಮನೆ ಬಿಡಲಿಕ್ಕಿಲ್ಲ ಎಂಬ ಭಯ ಅನೇಕ ಓನರುಗಳಿಗೆ ಇದ್ದೇ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾವ ಬಾಡಿಗೆದಾರನಿಗೂ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ, ಆದರೂ ಆ ಭಯ ಹೋಗಿಲ್ಲ. ಎಸ್‌ಐಆರ್ ಬಂದರೆ ಇದಕ್ಕೆ ಇನ್ನೊಂದು ಕಗ್ಗಂಟು ಸೇರುತ್ತದೆ. ಕರ್ನಾಟಕದಲ್ಲಿ ಕೊನೆಯ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ, ಆಧಾರವಾಗಬೇಕಾದ್ದು ಆ ಪಟ್ಟಿ. ಬಿ.ಟಿ.ಎಂ. ಲೇಔಟ್ ಕ್ಷೇತ್ರ ಹುಟ್ಟಿದ್ದೇ 2008ರ ಪುನರ್ವಿಂಗಡಣೆಯಲ್ಲಿ. ಮಡಿವಾಳದಲ್ಲೇ ಹುಟ್ಟಿ ಬೆಳೆದವನು ಕೂಡ ತನ್ನ ತಾಯಿಯ ಹೆಸರನ್ನು ಹುಡುಕಬೇಕಾದ್ದು ಈಗ ಇಲ್ಲದ ಗಡಿಗಳ, ಬೇರೆ ಭಾಗ ಸಂಖ್ಯೆಯ, ಕಾಗುಣಿತ ತಪ್ಪಿರಬಹುದಾದ ಹಾಳೆಗಳಲ್ಲಿ. ಇನ್ನು 2005ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿ ಮಡಿವಾಳದ ಪಿ.ಜಿ.ಯಲ್ಲಿರುವ ಹುಡುಗಿಗೆ, ಆ ಹಳೆಯ ಪಟ್ಟಿಯ ಜೋಡಣೆ ಸಿಗದಿದ್ದರೆ, ತನ್ನದಷ್ಟೇ ಅಲ್ಲ, ತಂದೆ ತಾಯಿ ಇಬ್ಬರ ದಾಖಲೆಯೂ ಬೇಕು. ಪೌರತ್ವ ಕಾಯ್ದೆ 1987ರ ಜುಲೈ 1ಕ್ಕೆ ಒಂದು ಗೆರೆ, 2004ರ ಡಿಸೆಂಬರ್ 3ಕ್ಕೆ ಇನ್ನೊಂದು ಗೆರೆ ಎಳೆದಿದೆ. ಎಸ್‌ಐಆರ್ ಆ ಗೆರೆಗಳನ್ನು ಎತ್ತಿ ಮತದಾರನ ಅರ್ಜಿಯ ಮೇಲಿಟ್ಟಿದೆ.

ಮೂಲ ಕಾನೂನು ಇಷ್ಟು ಬಿಗಿಯಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1950ರ ಜನಪ್ರಾತಿನಿಧ್ಯ ಕಾಯ್ದೆ ಕೇಳುವುದು ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯನ್ನು. ಅಲ್ಲಿ ಸ್ವಂತ ಮನೆ ಇದ್ದ ಮಾತ್ರಕ್ಕೆ ಒಬ್ಬ ಸಾಮಾನ್ಯ ನಿವಾಸಿ ಆಗುವುದಿಲ್ಲ, ಸ್ವಲ್ಪ ಕಾಲ ಊರಲ್ಲಿ ಇಲ್ಲದ ಮಾತ್ರಕ್ಕೆ ಆ ಸ್ಥಾನ ತಪ್ಪುವುದೂ ಇಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಎಲ್ಲಕ್ಕಿಂತ ಸೊಗಸಾದದ್ದು ಆಯೋಗದ್ದೇ ಒಂದು ಸೂಚನೆ. ಸೂರಿಲ್ಲದೆ ಬೀದಿಯಲ್ಲಿ ಮಲಗುವವರು ಅರ್ಜಿ ಹಾಕಿದರೆ ವಿಳಾಸದ ದಾಖಲೆ ಬೇಡ, ಬಿಎಲ್‌ಒ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ಆ ಮನುಷ್ಯ ನಿಜವಾಗಿ ಅಲ್ಲೇ ಮಲಗುತ್ತಾನೆಯೇ ಎಂದು ನೋಡಬೇಕು. ಕಾಗದ ಕೇಳುವ ಬದಲು ಕಣ್ಣಾರೆ ನೋಡಿ ಬರಬೇಕು ಎಂಬ ಆಡಳಿತ ವಿವೇಕ ಇದು. ಫ್ಲೈಓವರ್ ಕೆಳಗೆ ಮಲಗುವವನಿಗೆ ಕೊಟ್ಟ ಈ ಮರ್ಯಾದೆಯನ್ನು ಪಿ.ಜಿ.ಯಲ್ಲಿ ಮಲಗುವವನಿಗೂ ಕೊಡಬಹುದಲ್ಲ?

ಬೆಂಗಳೂರಿನ ಪಟ್ಟಿಗಳಲ್ಲಿ ಕಳ್ಳತನ ನಡೆದೇ ಇಲ್ಲವೇ ಎಂದರೆ, ಆರೋಪಗಳಿಗೆ ಇಲ್ಲಿ ಬರಗಾಲವಿಲ್ಲ. 2018ರ ವಿಧಾನಸಭಾ ಚುನಾವಣೆಗೆ ಕೆಲವೇ ದಿನವಿದ್ದಾಗ ಜಾಲಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕಿ, ರಾಜರಾಜೇಶ್ವರಿ ನಗರದ ಮತದಾನವನ್ನೇ ಮೇ 28ಕ್ಕೆ ಮುಂದೂಡಬೇಕಾಯಿತು. 2022ರ ನವೆಂಬರ್‌ನಲ್ಲಿ ‘ಚಿಲುಮೆ’ ಸಂಸ್ಥೆಯ ಪ್ರಕರಣ ಹೊರಬಂತು. ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಜನ ಬಿಬಿಎಂಪಿಯ ಬಿಎಲ್‌ಒಗಳೆಂಬ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಮತದಾರರ ವಿವರ ಕಲೆಹಾಕಿದ್ದರು ಎಂಬುದು ಆರೋಪ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಆಯೋಗ ಆದೇಶಿಸಿತು. ಬೆಂಗಳೂರಿನಾಚೆ, ಕಲಬುರಗಿ ಜಿಲ್ಲೆಯ ಆಳಂದದ್ದು ಇನ್ನೂ ವಿಚಿತ್ರ: ಹೆಸರು ತೆಗೆಯಲು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳಲ್ಲಿ ಪರಿಶೀಲಿಸಿದಾಗ ಸರಿ ಇದ್ದದ್ದು 24. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರದಲ್ಲಿ 1,00,250 ಮತಗಳು ಅಕ್ರಮ ಎಂದು ಆರೋಪಿಸಿದರು. ಆಯೋಗ ಅದನ್ನು ಒಪ್ಪಲಿಲ್ಲ, ಪ್ರಮಾಣ ಮಾಡಿ ಸಹಿ ಹಾಕಿ ಕೊಡಿ ಎಂದಿತು. ಆ ಆರೋಪ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ಬೇರೆ ಮಾತು, ಅದರ ವಿಂಗಡಣೆಯನ್ನು ಮಾತ್ರ ನೋಡಿ: ಎರಡೆರಡು ಕಡೆ ಹೆಸರು, ಇಲ್ಲದ ವಿಳಾಸ, ಒಂದೇ ವಿಳಾಸದಲ್ಲಿ ಹತ್ತಾರು ಮಂದಿ, ಕಾಣದ ಫೋಟೊ, ಫಾರ್ಮ್ 6ರ ದುರುಪಯೋಗ. ಈ ನಾಲ್ಕು ಪ್ರಕರಣಗಳಲ್ಲಿ ಒಂದರಲ್ಲೂ ಗಡಿ ದಾಟಿ ಬಂದವನು ಮುಖ್ಯ ಪಾತ್ರಧಾರಿಯಲ್ಲ. ಇವೆಲ್ಲ ಒಳಗಿನವರ, ಪಟ್ಟಿಯ ಬೀಗದ ಕೈ ಎಲ್ಲಿದೆ ಎಂದು ಬಲ್ಲವರ ಕೆಲಸವೆಂದು ಹೇಳಿದ ಪ್ರಕರಣಗಳು. ಇಂಥವರನ್ನು ಹಿಡಿಯಲು ಯಾರ ಅಪ್ಪನ ಜನನ ಪತ್ರವೂ ಬೇಕಿಲ್ಲ. ಅರ್ಜಿ ಯಾವ ಫೋನಿನಿಂದ ಬಂತು, ಯಾವ ಅಧಿಕಾರಿ ಯಾವ ಹೊತ್ತಿನಲ್ಲಿ ಒಪ್ಪಿದರು ಎಂಬ ದಾಖಲೆ ಸಾಕು, ಅದು ಇರುವುದು ಆಯೋಗದ ಬಳಿ.

ಗಡಿಯ ಮಾತಿಗೆ ಬರೋಣ. ಬಾಂಗ್ಲಾದೇಶದೊಂದಿಗೆ ಭಾರತದ ಗಡಿ 4,096 ಕಿಲೋಮೀಟರು. ಬೇಲಿ ಹಾಕಿದ್ದು ಅದರಲ್ಲಿ ಸುಮಾರು 3,200. ನದಿ, ಜೌಗು, ಭೂಸ್ವಾಧೀನದ ತಕರಾರುಗಳ ನಡುವೆ ಉಳಿದದ್ದು ತೆರೆದೇ ಇದೆ. ಅದನ್ನು ಮುಚ್ಚುವುದು ಕೇಂದ್ರ ಗೃಹ ಸಚಿವಾಲಯ ಮತ್ತು ಬಿಎಸ್‌ಎಫ್‌ನ ಕೆಲಸ. ಅದನ್ನು ಇನ್ನಷ್ಟು ಬಿಗಿಯಾಗಿ ಮಾಡಿ ಎಂದು ಮಡಿವಾಳದ ನಾಗರಿಕ ಒತ್ತಾಯಿಸಿದರೆ ಅದರಲ್ಲಿ ತಪ್ಪೇನಿಲ್ಲ. ಇಲ್ಲಿನ ಜನಕ್ಕೆ ಹತ್ತಿರದ ಗಡಿ ಅತ್ತಿಬೆಲೆ, ಅದಂತೂ ಟ್ರಾಫಿಕ್ ಜಾಮಿನ ಗಡಿ. ನಿಜವಾದ ಗಡಿಯಲ್ಲಿ ಆಗದ ಕೆಲಸವನ್ನು ಎರಡು ಸಾವಿರ ಕಿಲೋಮೀಟರು ಒಳಗೆ ತಂದು ಮಾಡಹೊರಟಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳು ಎಂದು ಹೇಳಿ ಜೋಪಡಿಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಹೈಕೋರ್ಟ್ ಪೀಠ ಆ ಕಾರ್ಯಾಚರಣೆ ಕಾನೂನುಬಾಹಿರ ಎಂದಿತು. ಬಂಗಾಳಿ ಮಾತಾಡುವವರಲ್ಲಿ ಕೋಟ್ಯಂತರ ಮಂದಿ ಭಾರತೀಯರು ಎಂಬ ಪ್ರಾಥಮಿಕ ಶಾಲೆಯ ಭೂಗೋಳ ಅಲ್ಲಿ ಮರೆತುಹೋಗಿತ್ತು. 2025ರಲ್ಲಿ ಪಶ್ಚಿಮ ಬಂಗಾಳದ ಕೆಲವರನ್ನು ದಿಲ್ಲಿಯಿಂದ ಎತ್ತಿ ಗಡಿಯಾಚೆ ತಳ್ಳಿ, ನ್ಯಾಯಾಲಯಗಳು ಹೇಳಿದ ಮೇಲೆ ವಾಪಸ್ ಕರೆತಂದದ್ದೂ ಇದೇ ಅವಸರದ ಫಲ. ಅಸ್ಸಾಂನ ಪೌರತ್ವ ನೋಂದಣಿಯನ್ನು ಇಲ್ಲಿ ನೆನೆಯದಿದ್ದರೆ ಆಗುವುದಿಲ್ಲ. ಸುಪ್ರೀಂ ಕೋರ್ಟ್ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ನಡೆದು, ಸಾವಿರ ಕೋಟಿಗೂ ಮೀರಿ ಖರ್ಚಾಗಿ, 2019ರ ಆಗಸ್ಟ್ 31ರಂದು 19,06,657 ಜನರನ್ನು ಹೊರಗಿಟ್ಟ ಪಟ್ಟಿ ಅದು. ಹೊರಗಿದ್ದವರು ಹೆಚ್ಚಾದರು ಎಂದು ಒಬ್ಬರು, ಕಡಿಮೆಯಾದರು ಎಂದು ಇನ್ನೊಬ್ಬರು ದೂರಿದರು. ಅದನ್ನು ಒತ್ತಾಯಿಸಿದವರೂ ಅದರ ಫಲವನ್ನು ಒಪ್ಪಿಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ ಬರುವ ಪ್ರಬಲ ವಾದವೊಂದಿದೆ: ಒಬ್ಬ ಅನರ್ಹನ ಮತವೂ ಫಲಿತಾಂಶವನ್ನು ಬದಲಿಸಬಹುದು. ಅದಕ್ಕೆ ದಕ್ಷಿಣ ಬೆಂಗಳೂರಿನಲ್ಲೇ ಸಾಕ್ಷಿ ಉಂಟು. 2023ರಲ್ಲಿ ಮಡಿವಾಳದ ಪಕ್ಕದ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಸೌಮ್ಯಾ ರೆಡ್ಡಿ ಅವರ ಎದುರು ಗೆದ್ದದ್ದು ಮರುಎಣಿಕೆಗಳ ನಂತರ 16 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಆರ್. ಧ್ರುವನಾರಾಯಣ ಅವರಿಗೆ ಸೋತದ್ದು ಒಂದೇ ಒಂದು ಮತದಿಂದ. ಹಾಗಿರುವಾಗ ಒಂದು ಕಳ್ಳ ಮತವನ್ನಾದರೂ ಹೇಗೆ ಬಿಡುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಹದಿನಾರು ಮತಗಳ ಈ ತಕ್ಕಡಿಗೆ ತಟ್ಟೆಗಳು ಎರಡು. ಅರ್ಹರಾದ ಹದಿನೇಳು ಮಂದಿಯ ಹೆಸರು ಬಿಟ್ಟುಹೋದರೂ ಫಲಿತಾಂಶ ಅಷ್ಟೇ ಬದಲಾಗುತ್ತದೆ, ಮೋಸವೂ ಅಷ್ಟೇ. ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚಾಗಿ ನಡೆಯುತ್ತದೆ ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯ 2013ರಿಂದ ಮತದಾರರ ನೋಂದಣಿಗೆ ಪೌರತ್ವದ ದಾಖಲೆಯನ್ನು ಕಡ್ಡಾಯ ಮಾಡಿತು. 2018ರಲ್ಲಿ ಫೆಡರಲ್ ನ್ಯಾಯಾಲಯ ಲೆಕ್ಕ ಹಾಕಿದಾಗ ಆ ನಿಯಮದಿಂದ 31,000 ಅರ್ಜಿಗಳಿಗೆ ತಡೆ ಬಿದ್ದಿತ್ತು. ಹಿಂದಿನ ಹತ್ತೊಂಬತ್ತು ವರ್ಷಗಳಲ್ಲಿ ಪಟ್ಟಿ ಹೊಕ್ಕಿದ್ದ ಪರದೇಶದವರು ಹೆಚ್ಚೆಂದರೆ 39. ಕಾನೂನು ಬಿದ್ದುಹೋಯಿತು. ಮತಗಟ್ಟೆಯಲ್ಲಿ ಗುರುತು ಕೇಳುವ ಬ್ರಿಟನ್ನಿನ ಹೊಸ ಕಾನೂನಿನಿಂದಲೂ 2023ರ ಸ್ಥಳೀಯ ಚುನಾವಣೆಯಲ್ಲಿ ಸುಮಾರು 14,000 ಮಂದಿ ಮತ ಹಾಕದೆ ಹಿಂದಿರುಗಿದರು. ಬಾಗಿಲಲ್ಲಿ ಕಾರ್ಡು ಕೇಳಿದರೆ ಆಗುವ ನಷ್ಟ ಇಷ್ಟು. ಪಟ್ಟಿಗೆ ಪೌರತ್ವದ ಪುರಾವೆ ಕೇಳಿದರೆ ಆಗುವುದು ಇದಕ್ಕಿಂತ ಎಷ್ಟೋ ಪಟ್ಟು. ನಮ್ಮ ಬಿಹಾರದಲ್ಲಿ ಹೋಲಿಸಿ ನೋಡಲು ಒಂದು ಬದಿಯ ಅಂಕಿಯೇ ಇಲ್ಲ ಎಂಬುದನ್ನು ಆಗಲೇ ಹೇಳಿದೆ.

ಸಿಮ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ ದಾಖಲೆ ಕೊಡುವವರಿಗೆ ಮತಕ್ಕೆ ಕೊಡಲು ಏನು ಕಷ್ಟ ಎಂಬ ಇನ್ನೊಂದು ಮಾತು ಎಲ್ಲರ ನಾಲಿಗೆಯಲ್ಲೂ ಇದೆ. ಕಷ್ಟವೇನೆಂದರೆ, ಅಲ್ಲೆಲ್ಲ ಕೊಡುವುದು ಆಧಾರ್, ಅದು ಪೌರತ್ವದ ದಾಖಲೆ ಅಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. 182 ದಿನ ಇಲ್ಲಿ ವಾಸವಿದ್ದವರು ಯಾರೇ ಆದರೂ ಅದನ್ನು ಪಡೆಯಬಹುದು. ಭಾರತದಲ್ಲಿ ಸಾಮಾನ್ಯ ಮನುಷ್ಯನ ಕೈಗೆ ಪೌರತ್ವದ ಚೀಟಿ ಎಂದು ಸರ್ಕಾರ ಇಂದಿನವರೆಗೆ ಏನನ್ನೂ ಕೊಟ್ಟಿಲ್ಲ. ಕೊಡದ ಕಾಗದವನ್ನು ತೋರಿಸು ಎನ್ನುವುದು ಯಾವ ನ್ಯಾಯ? ಇದಕ್ಕಿಂತ ತೂಕದ ಆಕ್ಷೇಪ ಮೂರನೆಯದು. ನುಸುಳಿ ಬಂದವರು ಖೊಟ್ಟಿ ದಾಖಲೆ ಮಾಡಿಸಿಕೊಂಡು ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಪ್ರಕರಣಗಳು ಇವೆ, ಅವನ್ನು ಕಣ್ಣು ಮುಚ್ಚಿ ಅಲ್ಲಗಳೆಯಬಾರದು. ಅವುಗಳಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಮೊದಲೇ ತಯಾರಿ ಮಾಡಿಕೊಂಡು ಬಂದವನ ಹತ್ತಿರ ದಾಖಲೆಗಳು ಅಚ್ಚುಕಟ್ಟಾಗಿರುತ್ತವೆ. ದಾಖಲೆಯಿಲ್ಲದೆ ಸಿಕ್ಕಿಬೀಳುವವನು ನೆರೆಯಲ್ಲಿ ಪೆಟ್ಟಿಗೆ ಕಳೆದುಕೊಂಡ ಬೆಳಗಾವಿಯ ಕೂಲಿಯವನು. ಅಕ್ಕಿಯ ಗಾತ್ರದ್ದೇ ಕಲ್ಲನ್ನು ಜರಡಿ ಹಿಡಿದು ತೆಗೆಯಲಾಗುವುದಿಲ್ಲ, ಮೊರದಲ್ಲಿ ಹಾಕಿ ಕೈಯಿಂದ ಆರಿಸಬೇಕು. ನಿರ್ದಿಷ್ಟ ಅನುಮಾನ, ಪೊಲೀಸ್ ತನಿಖೆ, ನೋಟಿಸು, ವಿಚಾರಣೆ ಎಂಬ ನಿಧಾನದ ದಾರಿ ಇರುವುದು ಅದಕ್ಕೇ. ಒಮ್ಮೆ ಪಟ್ಟಿಯಲ್ಲಿ ಹೆಸರು ಸೇರಿದವರನ್ನು ತೆಗೆಯುವ ಮುನ್ನ ಅವರ ಮಾತಿಗೆ ನ್ಯಾಯವಾದ ಅವಕಾಶ ಕೊಡಬೇಕು, ಹಿಂದಿನ ಪಟ್ಟಿಯಲ್ಲಿದ್ದ ಹೆಸರಿಗೆ ಬೆಲೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿ ಮೂರು ದಶಕಗಳಾದವು.

ಹಿಂದೆ ಇದೇ ಕೆಲಸವನ್ನು ಇದಕ್ಕಿಂತ ಕಷ್ಟದ ಕಾಲದಲ್ಲಿ ಮಾಡಿದವರಿದ್ದಾರೆ. ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿಯ ಸಿದ್ಧತೆ ಆರಂಭವಾದದ್ದು ವಿಭಜನೆಯ ಬೆನ್ನಿಗೆ, ಲಕ್ಷಾಂತರ ನಿರಾಶ್ರಿತರು ನಿಜವಾಗಿ ಗಡಿ ದಾಟಿ ಬರುತ್ತಿದ್ದಾಗ. ಆಗ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್. ಆ ಸಭೆಯ ಕಾರ್ಯಾಲಯ ನಿರಾಶ್ರಿತರ ಬಗ್ಗೆ ಕೈಗೊಂಡ ನಿಲುವು ಇವತ್ತಿಗೆ ಬೆರಗು ಹುಟ್ಟಿಸುತ್ತದೆ: ಇಲ್ಲಿಯೇ ಶಾಶ್ವತವಾಗಿ ನೆಲೆಸುತ್ತೇನೆ ಎಂದು ಬರೆದು ಕೊಟ್ಟರೆ ಹೆಸರು ಸೇರಿಸಿಕೊಳ್ಳಿ, ಎಷ್ಟು ದಿನದಿಂದ ಇದ್ದಾರೆ ಎಂದು ನೋಡಬೇಡಿ. ದೇಶ ಒಡೆದ ವರ್ಷಗಳಲ್ಲಿ ಅಷ್ಟು ಧೈರ್ಯವಿತ್ತು. ಅದೇ ಪಟ್ಟಿಯ ಇನ್ನೊಂದು ಕಥೆ ಎಚ್ಚರಿಕೆಯದು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟಿಯಿಂದ ಕೈಬಿಟ್ಟರು. ಅವರ ಪೌರತ್ವದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನಿಯಮಕ್ಕೆ ಒಂದು ಬಗೆಯ ವಿವರ ಬೇಕಿತ್ತು, ಅವರ ಬದುಕಿನಲ್ಲಿ ಇದ್ದದ್ದು ಇನ್ನೊಂದು ಬಗೆಯದು. ಅಸ್ಸಾಂನಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರು ತಂದೆಯ ಜೊತೆಗಿನ ನಂಟಿಗೆ ಪಂಚಾಯತಿ ಪತ್ರ ಹಿಡಿದು ಪರದಾಡಿದ್ದು ಇದರದೇ ಮುಂದುವರಿಕೆ.

ಹೀಗೆ ನೋಡಿದಾಗ ಎಸ್‌ಐಆರ್‌ಗೆ ನಾನು ಕೊಡುವ ಅಂಕ ಕಡಿಮೆ. ಸತ್ತವರ ಹೆಸರು ತೆಗೆದದ್ದು ಒಳ್ಳೆಯದು, ಆದರೆ ಅದಕ್ಕೆ ಜನನ ಮರಣ ನೋಂದಣಿಯ ಕಡತವನ್ನು ಪಟ್ಟಿಗೆ ಜೋಡಿಸಿದರೆ ಸಾಕಿತ್ತು. ಎರಡು ಕಡೆ ಹೆಸರಿದ್ದವರನ್ನು ಕಂಪ್ಯೂಟರ್ ಹುಡುಕಿಕೊಡುತ್ತಿತ್ತು. ಕೋಟ್ಯಂತರ ಜನರಿಂದ ಮತ್ತೆ ಅರ್ಜಿ ಬರೆಸಿದ್ದಕ್ಕೆ ಸಿಕ್ಕ ಹೆಚ್ಚಿನ ಫಲ ಏನೆಂದು ಆಯೋಗ ತೋರಿಸಿಲ್ಲ. ಕರ್ನಾಟಕದಲ್ಲಿ ಪರಿಷ್ಕರಣೆ ನಡೆಸುವಾಗ ಅದು ಮತಗಟ್ಟೆವಾರು ಮೂರು ಲೆಕ್ಕಗಳನ್ನು ಹೊರಗಿಡಬೇಕು: ತೆಗೆದ ಹೆಸರೆಷ್ಟು ಮತ್ತು ಯಾಕೆ, ಹೊಸ ವಿಳಾಸದಲ್ಲಿ ಮತ್ತೆ ಸೇರಿದ ಹೆಸರೆಷ್ಟು, ವಿಚಾರಣೆಯ ನಂತರ ಪರದೇಶದವರೆಂದು ತೀರ್ಮಾನವಾದವರು ಎಷ್ಟು. ನೋಂದಾಯಿಸದ ಕರಾರು ತಂದವನನ್ನು ಹಿಂದಕ್ಕೆ ಕಳಿಸದೆ ಬಿಎಲ್‌ಒ ಮನೆಗೇ ಬಂದು ನೋಡಲಿ. ಮಡಿವಾಳದ ಓನರುಗಳಿಗೂ ಪಿ.ಜಿ. ನಡೆಸುವವರಿಗೂ ಒಂದು ಮಾತು: ನಿಮ್ಮ ಮನೆಯಲ್ಲಿ ಬಾಡಿಗೆಗಿರುವವರು ಫಾರ್ಮ್ 6 ಹಿಡಿದು ಬಂದರೆ, ಇವರು ಇಲ್ಲೇ ಇದ್ದಾರೆ ಎಂದು ಬಿಎಲ್‌ಒ ಮುಂದೆ ಹೇಳಿ. ಅದರಿಂದ ನಿಮ್ಮ ಮನೆ ಎಲ್ಲಿಗೂ ಹೋಗುವುದಿಲ್ಲ.